ಚಕ್ರವಿಲ್ಲದ ಗಾಡಿಯಲ್ಲಿ ಕಲ್ಲು ಎಳೆದದ್ದು

ನಮ್ಮ ಜಮೀನು ಚಿಕ್ಕಬಳ್ಳಾಪುರದ ಕಡೆ. ಆ ಸೀಮೆಯಲ್ಲಿ ಕಲ್ಲಿಗೇನು ಬರ? ಬದುವಿನ ಪಕ್ಕದಲ್ಲೇ ಒಳ್ಳೊಳ್ಳೆ ಗುಂಡುಕಲ್ಲುಗಳು ಬಿದ್ದಿದ್ದವು. ಅವನ್ನು ಮನೆ ಮುಂದಿನ ಗಿಡಗಳ ನಡುವೆ ತಂದು ಕೂರಿಸಬೇಕಿತ್ತು. ಜೆಸಿಬಿ ಕರೆಸಿದ್ದರೆ ಸುಲಭ, ಆದರೆ ದಾರಿಯುದ್ದಕ್ಕೂ ತೆಂಗಿನ ಸಸಿ, ಡ್ರಿಪ್ ಪೈಪು. ತಳ್ಳುಗಾಡಿಗೆ ಹಾಕೋಣ ಅಂದರೆ ಕಲ್ಲನ್ನು ಮೊಣಕಾಲೆತ್ತರಕ್ಕೆ ಎತ್ತಬೇಕು. ಸೊಂಟ ಹಿಡಿಯುವುದೇ ಅಲ್ಲಿ. ಎತ್ತಿದರೂ ಆ ಒಂದೇ ಚಕ್ರ ಸಡಿಲ ಮಣ್ಣಲ್ಲಿ ಹೂತುಕೊಳ್ಳುತ್ತದೆ. ಅದಕ್ಕೇ ನೆಲದ ಮೇಲೆ ಜಾರಿಸಿಕೊಂಡು ಎಳೆಯುವ, ಚಕ್ರವಿಲ್ಲದ ಗಾಡಿಯೊಂದನ್ನು ಮಾಡಿಕೊಂಡೆ.

ಮೊದಲು ತೂಕದ ಅಂದಾಜು ಬೇಕು. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಕಲ್ಲು ಇಟ್ಟಿಗೆಯಂತೆ ಚೌಕವಾಗಿದ್ದರೆ 340 ಕೆಜಿ ಹತ್ತಿರ ಬರುತ್ತದೆ. ಗುಂಡಗಿದ್ದರೆ ಅದರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ. ಅಷ್ಟನ್ನು ನೆಲದ ಮೇಲೆ ಎಳೆಯುವುದಕ್ಕೆ ನಾಲ್ಕು ಜನ ಸಾಕು, ಎತ್ತುವುದಕ್ಕೆ ಸಾಲುವುದಿಲ್ಲ.

ಗಾಡಿ ಅಂದರೆ ದೊಡ್ಡ ವಿದ್ಯೆಯೇನಲ್ಲ. ನಾಲ್ಕಡಿ ಉದ್ದದ ಎರಡು ನೀಲಗಿರಿ ತುಂಡು, ಮೇಲೆ ಅಡ್ಡಕ್ಕೆ ಹಳೇ ಸೆಂಟ್ರಿಂಗ್ ಹಲಗೆ. ತುಂಡುಗಳ ಮುಂದಿನ ತುದಿಯನ್ನು ಅಡಿಯಿಂದ ದೋಣಿಯ ಮೂತಿಯ ಹಾಗೆ ಓರೆಯಾಗಿ ಕೆತ್ತಿದೆ. ಇಲ್ಲದಿದ್ದರೆ ಮಣ್ಣು ತೋಡಿಕೊಂಡು ಹೋಗುತ್ತದೆ. ಹಲಗೆಗೆ ಮೊಳೆ ಹೊಡೆಯಬೇಡಿ, ಬೋಲ್ಟ್ ಹಾಕಿ. ಒಂದು ಪಕ್ಕ ಬೇರಿಗೆ ತಗುಲಿದಾಗ ಇಡೀ ಗಾಡಿ ತಿರುಚಿಕೊಳ್ಳುತ್ತದೆ, ಮೊಳೆ ಆ ತಿರುಚಿಗೆ ಕಿತ್ತು ಬರುತ್ತದೆ. ಬೋಲ್ಟಿನ ತಲೆ ಅಡಿಯಲ್ಲಿ ಮರದೊಳಗೆ ಇಳಿದಿರಲಿ. ಉಳಿದಂತೆ ಗಾಡಿ ಎಷ್ಟು ತಗ್ಗಿದ್ದರೆ ಅಷ್ಟು ಒಳ್ಳೆಯದು, ನನ್ನದು ಅರ್ಧ ಅಡಿ ಎತ್ತರ.

ಹಗ್ಗವನ್ನು ಮಧ್ಯದ ಹಲಗೆಗೆ ಕಟ್ಟಬಾರದು. ಎರಡೂ ತುಂಡುಗಳ ಮೂತಿಗೆ ತೂತು ಕೊರೆದು, ಒಂದೇ ಹಗ್ಗ ತೂರಿಸಿ, ಅದರ ನಡುವಿಗೆ ಎಳೆಯುವ ಹಗ್ಗ ಕಟ್ಟಿದೆ. ಹಾಗಾಗಿ ಎರಡು ಪಕ್ಕವೂ ಒಟ್ಟಿಗೆ ಬರುತ್ತವೆ. ಎಳೆತ ಸ್ವಲ್ಪ ಮೇಲ್ಮುಖವಾಗಿದ್ದರೆ ಮೂತಿ ಏಳುತ್ತದೆ. ಕಲ್ಲನ್ನು ನಡುವಿಗಿಂತ ತುಸು ಹಿಂದಕ್ಕೆ ಕೂರಿಸುವುದೂ ಇದಕ್ಕೇ.

ಕಲ್ಲು ಹತ್ತಿಸುವಾಗ ಅವಸರ ಬೇಡ. ಮೊದಲು ಹಾರೆ ಕೊಟ್ಟು ಸ್ವಲ್ಪ ಮೀಟಿ, ಅಡಿಗೆ ಇಣುಕಿ ನೋಡಬೇಕು. ನಮ್ಮ ಕಡೆ ಕಲ್ಲಡಿ ಚೇಳು ಗ್ಯಾರಂಟಿ. ಬರಿಗೈ ಹಾಕಿದರೆ ಮುಗಿಯಿತು. ಹಾರೆಯ ಅಡಿಗೊಂದು ಸಣ್ಣ ಕಲ್ಲು ಒತ್ತು ಕೊಟ್ಟು, ಒಂದೊಂದೇ ಇಂಚು ಏರಿಸಿ, ಏರಿದಷ್ಟಕ್ಕೂ ಚಕ್ಕೆ ತುರುಕುತ್ತಾ ಹೋದೆವು. ಗಾಡಿಯನ್ನು ಕಲ್ಲಿಗೆ ಒತ್ತಿ ನಿಲ್ಲಿಸಿ, ಗಾಡಿಯ ಆಚೆ ಬದಿಗೆ ಗೂಟ ಹೊಡೆದು, ಕಲ್ಲನ್ನು ಅದರ ಮೇಲೆ ಹೊರಳಿಸಿದೆವು. ಎತ್ತುವ ಮಾತೇ ಇಲ್ಲ.

ಮೊದಲ ಜಗ್ಗಾಟವೇ ಕಷ್ಟ. ಒಬ್ಬ ಹಿಂದಿನಿಂದ ಹಾರೆ ಹಾಕಿ ಮೀಟಬೇಕು, ಉಳಿದವರು ಐಲೇಸಾ ಅಂತ ಒಟ್ಟಿಗೆ ಜಗ್ಗಬೇಕು. ಕದಲಿದ ಮೇಲೆ ನಿಲ್ಲಿಸಬೇಡಿ. ನೆಲ ಸಡಿಲವಿದ್ದ ಕಡೆ ಎರಡು ಸಾಲು ಹಲಗೆ ಹಾಸಿ, ದಾಟಿದ್ದನ್ನು ಮತ್ತೆ ಮುಂದಕ್ಕೆ ತಂದು ಹಾಕುತ್ತಿದ್ದೆವು.

ನೀರು ಹಾಕಿದರೆ ಜಾರುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಈಜಿಪ್ಟಿನಲ್ಲಿ ಸುಮಾರು ಕ್ರಿ.ಪೂ. 1900ರ ಹೊತ್ತಿನ ಜೆಹುಟಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಒಂದು ಚಿತ್ರವಿದೆ. ಭಾರೀ ವಿಗ್ರಹವನ್ನು ಇಂಥದೇ ಗಾಡಿಯಲ್ಲಿ ಸಾಲು ಸಾಲು ಜನ ಎಳೆಯುತ್ತಿದ್ದಾರೆ, ಮೂತಿಯ ಬಳಿ ನಿಂತ ಒಬ್ಬ ಮುಂದೆ ನೀರು ಸುರಿಯುತ್ತಿದ್ದಾನೆ. ಮರಳು ಹದವಾಗಿ ಒದ್ದೆಯಿದ್ದರೆ ಎಳೆಯುವ ಬಲ ಅರ್ಧಕ್ಕೆ ಇಳಿಯುತ್ತದೆ, ನೀರು ಹೆಚ್ಚಾದರೆ ಮತ್ತೆ ಏರುತ್ತದೆ ಎಂದು ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದು ಮರಳಿನ ಮಾತು. ನಮ್ಮ ಕೆಂಪು ಜೇಡಿಗೆ ಹದ ಸಿಗುವುದೇ ಕಷ್ಟ. ಸ್ವಲ್ಪ ನೀರು ಜಾಸ್ತಿಯಾದರೂ ಮರದ ಅಡಿಗೆ ಅಂಟಿಕೊಂಡು ಕಚ್ಚುತ್ತದೆ, ಎಳೆಯುವವರ ಕಾಲೂ ಜಾರುತ್ತದೆ. ಮಳೆ ಬಿದ್ದು ಮೇಲೆ ಒಣಗಿ, ಗಟ್ಟಿಯಾದ ನೆಲವೇ ನನಗೆ ಒಗ್ಗಿದ್ದು.

ಇಳಿಜಾರಿನಲ್ಲಿ ಮಾತ್ರ ಹುಷಾರು. ಅಲ್ಲಿ ಎಳೆಯುವ ಕೆಲಸವಿಲ್ಲ, ಹಿಡಿಯುವ ಕೆಲಸ. ಗಾಡಿಯ ಹಿಂಭಾಗಕ್ಕೆ ಕಟ್ಟಿದ ಹಗ್ಗವನ್ನು ದಪ್ಪ ಬೇವಿನ ಮರಕ್ಕೆ ಎರಡು ಸುತ್ತು ಸುತ್ತಿ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋದರೆ ಒಬ್ಬನೇ ತಡೆಯಬಹುದು. ಗಾಡಿ ಇಳಿಯುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಬಿಗಿದ ಹಗ್ಗದ ನೇರಕ್ಕೂ ಬೇಡ, ನೈಲಾನ್ ಹಗ್ಗ ಕಿತ್ತರೆ ಚಾಟಿಯೇಟು ಬೀಳುತ್ತದೆ.

ಕೂರಿಸುವ ಜಾಗದಲ್ಲಿ ಗುಂಡಿ ಮೊದಲೇ ತೋಡಿಟ್ಟಿರಿ. ಕಲ್ಲಿನ ಮೂರನೇ ಒಂದು ಭಾಗ ಮಣ್ಣೊಳಗೆ ಹೋಗಬೇಕು, ಇಲ್ಲದಿದ್ದರೆ ಲಾರಿಯಿಂದ ಬಿದ್ದ ಹಾಗೆ ಕಾಣುತ್ತದೆ. ಗಾಡಿಯನ್ನು ಗುಂಡಿಯ ಅಂಚಿಗೆ ತಂದು, ಹಿಂದಿನಿಂದ ಹಾರೆ ಕೊಟ್ಟರೆ ಕಲ್ಲು ತಾನೇ ಉರುಳಿ ಒಳಗಿಳಿಯುತ್ತದೆ. ಯಾವ ಮುಖ ಮೇಲೆ ಬರಬೇಕು ಅನ್ನೋದನ್ನು ಬದುವಿನಲ್ಲಿ ಹತ್ತಿಸುವಾಗಲೇ ನೋಡಿಕೊಂಡಿರಿ. ಗುಂಡಿಗೆ ಬಿದ್ದ ಕಲ್ಲನ್ನು ತಿರುಗಿಸುವುದು ತಂದದ್ದಕ್ಕಿಂತ ದೊಡ್ಡ ಕೆಲಸ.