ಬೆನ್ನಿಗೆ ದಿಂಬು ತಗೊಳ್ಳೋ ಮುಂಚೆ ಕಾರ್ ಸೀಟಿನ ತಳ ನೋಡಿ: ನನ್ನ ಅನುಭವ

ನಮ್ಮದು ತುಮಕೂರು, ಮಗಳನ್ನ ಕೊಟ್ಟಿರೋದು ಹುಬ್ಬಳ್ಳಿಗೆ, ಹಬ್ಬ ಹುಣ್ಣಿಮೆ ಅಂತ ಹೋಗ್ತಾ ಬರ್ತಾ ಇರ್ತೀವಿ, ಒಂದು ಕಡೆಗೇ 300 ಕಿಲೋಮೀಟರ್ ಮೇಲಾಗುತ್ತೆ. ಶಿರಾ ದಾಟೋ ಹೊತ್ತಿಗೇ ಸೊಂಟ ಹಿಡ್ಕೊಳ್ತಿತ್ತು, ಚಿತ್ರದುರ್ಗದ ಹತ್ರ ಬಂದ್ರೆ ಬಲಗಡೆ ತೊಡೆ ಜೋಮು. ಈಗ ಹುಬ್ಬಳ್ಳಿಲಿ ಇಳಿದ್ರೆ ಸೀದಾ ನಡ್ಕೊಂಡು ಮನೆ ಒಳಗೆ ಹೋಗ್ತೀನಿ, ಅದಕ್ಕೇ ಬರೀತಿದೀನಿ, ನನ್ನ ಥರ ಹಳೇ ಕಾರ್ ಇಟ್ಕೊಂಡು ಬೆನ್ನು ನೋಯಿಸ್ಕೊಳ್ಳೋರು ತುಂಬಾ ಜನ ಇದಾರೆ.

ಬೆನ್ನುನೋವು ಅಂದ ತಕ್ಷಣ ಎಲ್ರೂ ಬೆನ್ನಿಗೆ ದಿಂಬು ತಗೊಳ್ಳಿ ಅಂತಾರೆ. ಮೊದ್ಲು ಕೂರೋ ಜಾಗ ನೋಡಿ. ಮುಷ್ಟಿ ಕಟ್ಟಿ ಜೋರಾಗಿ ಒತ್ತಿ, ಕೆಳಗಿನ ಕಂಬಿ ಕೈಗೆ ತಗುಲಿದ್ರೆ ಫೋಮ್ ಮುಗಿದಿದೆ ಅಂತಾನೇ ಅರ್ಥ. ತಳ ಕುಸಿದ್ರೆ ಸೊಂಟ ಕೆಳಗೆ ಹೋಗುತ್ತೆ, ಮಂಡಿ ಮೇಲೆ ಬರುತ್ತೆ, ಕೆಳಬೆನ್ನಲ್ಲಿ ಒಳಗಡೆಗೆ ಇರಬೇಕಾದ ಬಾಗು ಹೋಗಿ ಹೊರಗಡೆ ಗೂನು ಆಗುತ್ತೆ, ಆಮೇಲೆ ಭಾರ ಎಲ್ಲಾ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಮೇಲೆ. ಅಂಥ ಸೀಟಿಗೆ ಎಂಥ ದಿಂಬು ಇಟ್ರೂ ಅದು ಸರಿಯಾದ ಜಾಗಕ್ಕೆ ಬರಲ್ಲ.

ನಮ್ಮೂರಲ್ಲೇ ಸೀಟ್ ಹೊಲಿಯೋ ಒಬ್ಬರ ಹತ್ರ ಬಿಚ್ಚಿಸ್ದೆ. ಕವರ್ ಎತ್ತಿದ ತಕ್ಷಣ ಹಳದಿ ಪುಡಿ ಉದುರ್ತು, ಬಾಗಿಲ ಕಡೆ ಅಂಚಂತೂ ಪೂರ್ತಿ ಚಪ್ಪಟೆ. "ಸಾ, ದಿನಾ ಹತ್ತಿ ಇಳಿಯೋದು ಇದ್ರ ಮೇಲೇನೆ ಅಲ್ವಾ, ಅದಕ್ಕೇ ಈ ಕಡೆ ಮೊದ್ಲು ಸಾಯುತ್ತೆ" ಅಂದ್ರು. ಜೋಮು ಬಲಗಡೆಗೇ ಯಾಕೆ ಬರ್ತಿತ್ತು ಅಂತ ಆಗ ಹೊಳೀತು, ನಾನು ಅಷ್ಟು ದಿನ ಬಲಕ್ಕೆ ವಾಲ್ಕೊಂಡೇ ಓಡಿಸ್ತಿದ್ದೆ. ಕೆಳಗೆ ಗಟ್ಟಿ ರೀಬಾಂಡ್ (ಫೋಮ್ ಚೂರುಗಳನ್ನ ಒತ್ತಿ ಅಂಟಿಸಿ ಮಾಡೋದು), ಮೇಲೆ 40 ಡೆನ್ಸಿಟಿ, ಅಂದ್ರೆ ಘನ ಮೀಟರ್‌ಗೆ 40 ಕೆಜಿ ತೂಗೋ ಫೋಮ್ ತೆಳ್ಳಗೆ ಹಾಕಿಸ್ದೆ, ಎತ್ತರ ಕಂಪನಿಯಿಂದ ಬಂದಾಗ ಎಷ್ಟಿತ್ತೋ ಅಷ್ಟೇ. ಮೆತ್ತಗಿರೋದೇ ಹಾಕಿ ಅಂತ ಮಾತ್ರ ಕೇಳ್ಬೇಡಿ, ಅಂಗಡೀಲಿ ಕೂತಾಗ ಸುಖ ಅನ್ಸುತ್ತೆ, ಹಿರಿಯೂರು ಬರೋಷ್ಟ್ರಲ್ಲಿ ಮತ್ತೆ ಗುಂಡಿ. ಖರ್ಚು ಒಂದು ಫುಲ್ ಟ್ಯಾಂಕ್ ಪೆಟ್ರೋಲ್‌ಗಿಂತ ಕಮ್ಮಿನೇ ಆಯ್ತು.

ಆಮೇಲೆ ಬೆನ್ನಿನ ವಿಷ್ಯ. ದುಡ್ಡು ಹಾಕೋಕೆ ಮುಂಚೆ ಒಂದು ಟವೆಲ್ ಸುರುಳಿ ಸುತ್ತಿ ಪರೀಕ್ಷೆ ಮಾಡಿ. ಸೊಂಟನ ಸೀಟಿನ ಮೂಲೆಗೆ ಹಿಂದಕ್ಕೆ ತಳ್ಳಿ ಕೂತ್ಕೊಂಡು, ಪ್ಯಾಂಟಿನ ಬೆಲ್ಟ್‌ಗಿಂತ ಸ್ವಲ್ಪ ಮೇಲೆ ಅಡ್ಡಕ್ಕಿಡಿ. ಪಕ್ಕೆಲುಬಿನ ಹತ್ರ ಬಂದ್ರೆ ಮೇಲಾಯ್ತು, ಹೊಟ್ಟೆ ಮುಂದಕ್ಕೆ ತಳ್ಳಿದಂಗೆ ಅನ್ಸಿದ್ರೆ ದಪ್ಪ ಆಯ್ತು, ಒಂದು ಸುತ್ತು ಬಿಚ್ಚಿ. ನನಗೆ ಸರಿಹೋಗಿದ್ದು ಒತ್ತಿದ್ರೆ ಎರಡು ಬೆರಳು ದಪ್ಪ ಇರೋದು, ಅದೇ ಅಳತೇಲಿ ಒಂದು ಸಣ್ಣ ಗಟ್ಟಿ ದಿಂಬು ಹೊಲಿಸಿ ಸೀಟಿಗೆ ಬೆಲ್ಟ್ ಹಾಕಿ ಬಿಗಿದಿದೀನಿ. ಬಿಗೀದೆ ಸುಮ್ನೆ ಇಟ್ರೆ ಜಾರಿ ಪೆಡಲ್ ಹತ್ರ ಬಿದ್ದೀತು, ಅದು ಅಪಾಯ. ಮೆಮೊರಿ ಫೋಮ್ ದಿಂಬು ಬಿಸಿಲಲ್ಲಿ ನಿಂತ ಕಾರಲ್ಲಿ ಮೆತ್ತಗಾಗ್ಬಿಡುತ್ತೆ, ನನಗದು ಹಿಡಿಸಲಿಲ್ಲ.

ಒರಗೋದನ್ನ ತೀರಾ ನೆಟ್ಟಗೂ ಇಡಬೇಡಿ, ಕೂರೋ ಜಾಗಕ್ಕೂ ಅದಕ್ಕೂ ನಡುವೆ 100ರಿಂದ 110 ಡಿಗ್ರಿ ಒಳಗೆ ಇರ್ಲಿ. ಕ್ಲಚ್ ಪೂರ್ತಿ ಒತ್ತಿದಾಗ್ಲೂ ಮಂಡಿ ಸ್ವಲ್ಪ ಬಾಗಿರಬೇಕು, ಭುಜ ಸೀಟಿಗೆ ಆನಿಸಿ ಕೈ ಚಾಚಿದ್ರೆ ಮಣಿಕಟ್ಟು ಸ್ಟೇರಿಂಗ್ ಮೇಲ್ಗಡೆ ಕೂರಬೇಕು. ಸೀಟಿನ ತುದಿಗೂ ಮಂಡಿ ಹಿಂಭಾಗಕ್ಕೂ ಎರಡ್ಮೂರು ಬೆರಳು ಜಾಗ ಇರಬೇಕು. ಹಿಂದಿನ ಜೇಬಲ್ಲಿರೋ ಪರ್ಸ್ ತೆಗೆದು ಡ್ಯಾಶ್‌ಬೋರ್ಡ್‌ ಒಳಗಿಡಿ, ಅದೊಂದೇ ಸಾಕು ಸೊಂಟ ಓರೆ ಆಗೋಕೆ.

ಇಷ್ಟೆಲ್ಲಾ ಮಾಡಿದ್ರೂ ಒಂದೂವರೆ ಎರಡು ಗಂಟೆಗೊಂದ್ಸಲ ಇಳಿದು ನಡೀಲೇಬೇಕು. ನಾವು ಹಿರಿಯೂರಲ್ಲಿ ಕಾಫಿ, ದಾವಣಗೆರೆಲಿ ಬೆಣ್ಣೆ ದೋಸೆ, ಹಂಗೇ ಲೆಕ್ಕ ಹಾಕ್ಕೊಂಡಿದೀವಿ. ನೋವು ಕಾಲಿಗೆ ಇಳೀತಿದ್ರೆ, ಪಾದ ಮರಗಟ್ತಿದ್ರೆ ಸೀಟ್ ರಿಪೇರಿ ಮಾಡ್ಕೊಂಡು ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ.

ಹಿಂದೆ ಕೂರೋ ವಯಸ್ಸಾದೋರ್ನ ಯಾರೂ ಕೇಳಲ್ಲ. ನಮ್ಮಮ್ಮ ಕುಳ್ಳಗಿದಾರೆ, ಪಾದ ನೆಲಕ್ಕೆ ಸರಿಯಾಗಿ ಊರ್ತಿರಲಿಲ್ಲ, ಕಾಲು ನೇತಾಡ್ತಿದ್ರೆ ಬೆನ್ನು ತಾನಾಗೇ ಮುಂದಕ್ಕೆ ಜಾರುತ್ತೆ. ಕಾಲಡಿಗೆ ಒಂದು ತಗ್ಗಿನ ಗಟ್ಟಿ ಪೆಟ್ಟಿಗೆ ಇಟ್ಟು ಅದು ಜಾರದೇ ಇರೋಕೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿದೀನಿ, ಬೆನ್ನಿಗೆ ಅದೇ ಟವೆಲ್ ಸುರುಳಿ.

ಮತ್ತೆ ಹೊಸ ಕಾರ್ ಇರೋರು ಕವರ್ ಹೊಲಿಸೋ ಮುಂಚೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಪಟ್ಟಿ ಇದೆಯಾ ನೋಡ್ಕೊಳ್ಳಿ, ಇದ್ರೆ ಆ ಜಾಗ ಮುಚ್ಚಿ ಹೊಲಿಯೋಕೆ ಬಿಡಬೇಡಿ, ಏರ್‌ಬ್ಯಾಗ್ ಇರೋ ಸೀಟಿಗೇ ಅಂತ ಮಾಡಿದ ಕವರ್ ಹಾಕ್ಸಿ.