ಒಂಬತ್ತು ಲಕ್ಷ ಜನ ಬೇಡ, 209 ಮನೆ ಸಾಕು: ಸಣ್ಣ ಉದ್ದಿಮೆಗೆ ಇಳಿಯುವ ಮುಂಚೆ ಮಾರುಕಟ್ಟೆ ಅಳೆಯುವುದು ಹೇಗೆ?

ಏಳೆಂಟು ವರ್ಷದ ಹಿಂದೆ ನಾನೂ ನಮ್ಮ ಅತ್ತಿಗೆಯೂ ಸೇರಿ ಸಾರಿನ ಪುಡಿ ಮಾರಲು ಹೊರಟೆವು. ಮನೆಗೆ ಊಟಕ್ಕೆ ಬಂದವರೆಲ್ಲ ‘ಇದನ್ನ ಮಾರಿ, ಜನ ಮುಗಿಬೀಳ್ತಾರೆ’ ಎಂದಿದ್ದರು. ಅದನ್ನೇ ನಂಬಿ ಸಾವಿರ ಪೌಚ್ ಪ್ರಿಂಟ್ ಹಾಕಿಸಿದೆವು. ಮೊದಲ ತಿಂಗಳು ನೆಂಟರು ಕೊಂಡರು. ಎರಡನೇ ತಿಂಗಳು ಅವರೂ ಕೊಳ್ಳಲಿಲ್ಲ. ಸಾರಿನ ಪುಡಿ ಎಲ್ಲರ ಮನೆಗೂ ಬೇಕು, ನಿಜ. ಆದರೆ ಎಲ್ಲರ ಮನೆಯಲ್ಲೂ ಆಗಲೇ ಒಂದು ಡಬ್ಬಿ ಇದ್ದೇ ಇರುತ್ತದೆ ಅಲ್ವಾ? ಉಳಿದ ಪೌಚ್‌ಗಳು ಇವತ್ತಿಗೂ ಅಟ್ಟದ ಮೇಲಿವೆ. ಪುಡಿಯಲ್ಲಿ ತಪ್ಪಿರಲಿಲ್ಲ. ನಾವು ಎಣಿಸಿರಲಿಲ್ಲ, ಅಷ್ಟೆ.

ಕೆಲಸ ಬಿಟ್ಟು ಸ್ವಂತ ಉದ್ದಿಮೆ ಮಾಡಬೇಕು ಅನ್ನುವವರು ಮೊದಲು ಕಲಿಯಬೇಕಾದದ್ದು ಈ ಎಣಿಕೆ. ಅದಕ್ಕೆ ಎಂಬಿಎ ಬೇಕಿಲ್ಲ. ಒಂದು ನೋಟ್‌ಬುಕ್, ಸವೆಯಲು ಒಂದು ಜೊತೆ ಚಪ್ಪಲಿ, ಆರು ವಾರ ಸಮಯ ಇದ್ದರೆ ಸಾಕು. ಸುಮ್ನೆ ಗಾಳಿಯಲ್ಲಿ ಹೇಳುವ ಬದಲು ಒಂದು ಉದಾಹರಣೆ ಹಿಡಿದುಕೊಳ್ಳೋಣ: ಮೈಸೂರಿನಲ್ಲಿ ಖಡಕ್ ಜೋಳದ ರೊಟ್ಟಿ ಮಾಡಿ ಮಾರಬೇಕು. ನಿಮ್ಮ ಊರು, ನಿಮ್ಮ ಸರಕು ಬೇರೆ ಇರಬಹುದು. ದಾರಿ ಇದೇ.

ಹೆಜ್ಜೆ 1: ದೊಡ್ಡ ಅಂಕಿಯನ್ನು ಪಕ್ಕಕ್ಕಿಡಿ

2011ರ ಜನಗಣತಿಯ ಪ್ರಕಾರ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ‘ಅದರಲ್ಲಿ ನೂರಕ್ಕೆ ಒಬ್ಬರು ಕೊಂಡರೂ 9,000 ಗಿರಾಕಿ’ ಎಂದು ಲೆಕ್ಕ ಹಾಕುವುದು ಬಲು ಸುಲಭ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲೂ ಇಂಥ ಸಾಲು ಇರುತ್ತದೆ. ಆ ಒಂದು ಪರ್ಸೆಂಟ್ ಎಲ್ಲಿಂದ ಬಂತು ಎಂದು ಕೇಳಿ ನೋಡಿ, ಉತ್ತರ ಇರುವುದಿಲ್ಲ.

ಜನಗಣತಿಯಿಂದ ನಮಗೆ ಇನ್ನೊಂದು ಉಪಯೋಗವೂ ಇಲ್ಲ. ಹುಬ್ಬಳ್ಳಿಯವರ ಮಾತೃಭಾಷೆಯೂ ಕನ್ನಡ, ನಂಜನಗೂಡಿನವರದೂ ಕನ್ನಡ. ಯಾರ ತಟ್ಟೆಯಲ್ಲಿ ರೊಟ್ಟಿ, ಯಾರ ತಟ್ಟೆಯಲ್ಲಿ ಮುದ್ದೆ ಎಂದು ಅಲ್ಲಿ ಬರೆದಿರುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ. ‘ರೊಟ್ಟಿ ಯಾರು ತಿನ್ನಬಹುದು?’ ಎನ್ನುವುದನ್ನು ಬಿಟ್ಟು ‘ಇವತ್ತು ರೊಟ್ಟಿಗೆ ಯಾರು ದುಡ್ಡು ಕೊಡುತ್ತಿದ್ದಾರೆ?’ ಎಂದು ಕೇಳಿ. ಮೈಸೂರಿನಲ್ಲಿ ಥಟ್ಟನೆ ಹೊಳೆಯುವವರು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳು, ಕಾಲೇಜು ಹಾಸ್ಟೆಲ್ ಮತ್ತು ಪಿಜಿ ಹುಡುಗರು, ಉತ್ತರ ಕರ್ನಾಟಕದ ಊಟ ಕೊಡುವ ಖಾನಾವಳಿಗಳು. ಜೊತೆಗೆ ಸಕ್ಕರೆ ಕಾಯಿಲೆಗೆ ಹೆದರಿ ರಾತ್ರಿ ಅನ್ನ ಬಿಟ್ಟವರು. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ಈ ಕೊನೆಯ ಗುಂಪಿನ ಬಗ್ಗೆ ಮಾತು ಜಾಸ್ತಿಯಾಗಿದೆ. ನನ್ನ ಅಂದಾಜು ಕೇಳಿದರೆ, ಅವರನ್ನು ಸದ್ಯಕ್ಕೆ ನೆಚ್ಚಿಕೊಳ್ಳಬೇಡಿ. ಮೂರು ವಾರ ರೊಟ್ಟಿ ತಿಂದು ನಾಲ್ಕನೇ ವಾರ ಓಟ್ಸ್‌ಗೆ ಹೋಗುವವರು ಅವರಲ್ಲಿ ಬಹಳ.

ಹೆಜ್ಜೆ 2: ಒಂದು ವಾರ ಅಂಗಡಿ ಸುತ್ತಿ

ಕುವೆಂಪುನಗರ, ವಿಜಯನಗರ, ಹೆಬ್ಬಾಳ್ ಎಂದು ಮೂರು ಕಡೆ ಆರಿಸಿಕೊಳ್ಳಿ. ಕಾಂಡಿಮೆಂಟ್ಸ್, ದಿನಸಿ ಅಂಗಡಿ, ಸೂಪರ್ ಮಾರ್ಕೆಟ್ ಸೇರಿ ಇಪ್ಪತ್ತು ಅಂಗಡಿ ಸಾಕು. ‘ರೊಟ್ಟಿ ಇಟ್ರೆ ಹೋಗುತ್ತಾ ಸಾರ್?’ ಎಂದು ಮಾತ್ರ ಕೇಳಬೇಡಿ. ‘ತಂದಿಡಿ, ನೋಡೋಣ’ ಅಂತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಕೇಳಬೇಕಾದದ್ದು ಇದು. ಕಳೆದ ವಾರ ಎಷ್ಟು ಪ್ಯಾಕೆಟ್ ಬಂತು? ಎಷ್ಟು ಉಳಿಯಿತು? ಮುರಿದದ್ದನ್ನು ವಾಪಸ್ ತಗೊಂಡು ಹೋಗ್ತಾರಾ? ನಿಮಗೆ ಎಷ್ಟು ಕಮಿಷನ್? ದುಡ್ಡು ಕೈಗೆ ಕೊಡ್ತೀರಾ, ಮುಂದಿನ ಸಪ್ಲೈ ಬಂದಾಗಲಾ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಮಾಲು ಮಾರಿಹೋಗಿ ದುಡ್ಡು ನಿಂತುಹೋದರೆ ಮುಂದಿನ ವಾರ ಜೋಳ ತರುವುದು ಯಾವುದರಲ್ಲಿ?

ಅಂಗಡಿಯವರು ಹೇಳದಿದ್ದರೆ ಪ್ಯಾಕೆಟ್ಟೇ ಹೇಳುತ್ತದೆ. ತಯಾರಾದ ದಿನಾಂಕ ನೋಡಿ ಬರೆದಿಟ್ಟುಕೊಳ್ಳಿ. ಹತ್ತು ದಿನ ಬಿಟ್ಟು ಹೋದಾಗಲೂ ಅದೇ ತಾರೀಖಿನ ಪ್ಯಾಕೆಟ್ ಕಂಡರೆ ಆ ಅಂಗಡಿಯಲ್ಲಿ ರೊಟ್ಟಿ ಓಡುತ್ತಿಲ್ಲ ಎಂದೇ ಅರ್ಥ. ಖಾನಾವಳಿಗಳಲ್ಲಿ ಕೂತು ಊಟ ಮಾಡಿ. ರೊಟ್ಟಿ ಅಲ್ಲೇ ಬಡಿಯುತ್ತಾರಾ, ಹೊರಗಿಂದ ಬರುತ್ತದಾ ಎಂದು ನೋಡಿ. ಊಟವೂ ಆಯಿತು, ಸರ್ವೆಯೂ ಆಯಿತು.

ಹೆಜ್ಜೆ 3: ಮುಂದಿನದನ್ನು ಕೇಳಬೇಡಿ, ಹಿಂದಿನದನ್ನು ಕೇಳಿ

ಈಗ ತಿನ್ನುವವರ ಸರದಿ. ಮೂವತ್ತು ಮನೆಯವರ ಜೊತೆ ಮಾತಾಡಿ. ನಮ್ಮ ಜನ ಎದುರಿಗೆ ‘ಬೇಡ’ ಅನ್ನುವವರಲ್ಲ. ‘ನೀವು ಮಾಡಿ, ಖಂಡಿತ ತಗೋತೀವಿ’ ಎನ್ನುತ್ತಾರೆ. ಅದು ಮರ್ಯಾದೆಯ ಮಾತು, ಆರ್ಡರ್ ಅಲ್ಲ. ‘ಕೊನೇ ಸಲ ರೊಟ್ಟಿ ತಿಂದಿದ್ದು ಯಾವಾಗ? ಎಲ್ಲಿಂದ ಬಂತು? ಎಷ್ಟು ಕೊಟ್ಟಿರಿ?’ ಎಂದು ಕೇಳಿ.

ಹೀಗೆ ಕೇಳಿದಾಗ ಒಂದು ಉತ್ತರ ಮತ್ತೆ ಮತ್ತೆ ಬರುತ್ತದೆ: ‘ನಮ್ಮವ್ವ ಕಳಸ್ತಾಳ್ರಿ.’ ಅಂಗಡಿಯಲ್ಲಿರುವ ಬ್ರಾಂಡುಗಳಷ್ಟೇ ನಿಮ್ಮ ಎದುರಾಳಿಗಳು ಎಂದುಕೊಂಡಿರುತ್ತೀರಿ. ನಿಜವಾದ ಎದುರಾಳಿ ವಿಜಯಪುರ, ಬಾಗಲಕೋಟೆ ಕಡೆಯಿಂದ ರಾತ್ರಿ ಬಸ್ಸಿನಲ್ಲೋ, ಬಸವ ಎಕ್ಸ್‌ಪ್ರೆಸ್‌ನಲ್ಲೋ ಬರುವ ಗಂಟು. ಅದರಲ್ಲಿ ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಇರುತ್ತದೆ, ಬೆಲೆ ಸೊನ್ನೆ. ಅವ್ವನ ಜೊತೆ ರೇಟಿನಲ್ಲಿ ಪೈಪೋಟಿ ಮಾಡಲಾಗದು!

ಆದರೆ ಆ ಗಂಟು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುವಂಥದ್ದು. ಖಾಲಿಯಾದ ಮೇಲೆ ಏನು ಮಾಡ್ತೀರಿ ಎಂದು ಕೇಳಿ. ಕೆಲವರು ಚಪಾತಿಗೆ ಹೋಗುತ್ತಾರೆ. ಕೆಲವರು ಎಲ್ಲೆಲ್ಲೋ ಹುಡುಕಿ ರೊಟ್ಟಿ ತರುತ್ತಾರೆ, ‘ದಪ್ಪ ಇರ್ತಾವ್ರಿ, ಕಮಟು ವಾಸನಿ ಬರ್ತೈತಿ’ ಎಂದು ಬೈದುಕೊಂಡೇ ತಿನ್ನುತ್ತಾರೆ. ಬೈದುಕೊಂಡೂ ಕೊಳ್ಳುವವರು ಸಿಕ್ಕರೆ ಅವರ ಫೋನ್ ನಂಬರ್ ತಗೊಳ್ಳಿ. ನಿಮ್ಮ ಮಾರುಕಟ್ಟೆ ಅವರೇ.

ಹೆಜ್ಜೆ 4: ಒಂದು ರೊಟ್ಟಿಯ ಲೆಕ್ಕ

ಇಲ್ಲಿ ಕೊಡುವ ದರಗಳೆಲ್ಲ ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನೀವು ಅಂಗಡಿ, ಗಿರಣಿ ಸುತ್ತಿ ತಂದ ದರ ಹಾಕಿಕೊಳ್ಳಿ.

ಜೋಳ ತಂದು ಬೀಸಿಸುವವರೆಗೆ ಕೆಜಿಗೆ 60 ರೂಪಾಯಿ, ಒಂದು ಕೆಜಿ ಹಿಟ್ಟಿಗೆ 18 ರೊಟ್ಟಿ ಎಂದಿಟ್ಟುಕೊಳ್ಳೋಣ. ಹಿಟ್ಟಿನ ಖರ್ಚೇ ರೊಟ್ಟಿಗೆ 3.33 ರೂ. ಬಡಿದು ಬೇಯಿಸುವವರಿಗೆ ರೊಟ್ಟಿಗೆ 2 ರೂ., ಗ್ಯಾಸ್ 60 ಪೈಸೆ, ಕವರ್ ಮತ್ತು ಲೇಬಲ್ 50 ಪೈಸೆ. ಒಟ್ಟು 6.43. ಹನ್ನೆರಡರಲ್ಲಿ ಒಂದು ಮುರಿಯುತ್ತದೆ ಎಂದರೆ ಉಳಿದ ಹನ್ನೊಂದು ಅದರ ಭಾರ ಹೊರಬೇಕು. ಹತ್ತಿರ ಹತ್ತಿರ 7 ರೂ. ಹತ್ತು ರೊಟ್ಟಿಯ ಪ್ಯಾಕೆಟ್‌ಗೆ 70.

ಮುರಿದದ್ದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಖಡಕ್ ರೊಟ್ಟಿ ಸ್ಕೂಟರ್ ಮೇಲೆ ಎರಡು ಹಂಪ್ ದಾಟುವುದರೊಳಗೆ ಏನಾಗುತ್ತದೆ ಎಂದು ಒಮ್ಮೆ ಒಯ್ದು ನೋಡಿ.

ಪ್ಯಾಕೆಟ್ ಬೆಲೆ 100 ರೂ. ಅಂಗಡಿಗೆ 20 ರೂ. ಕಮಿಷನ್ ಕೊಟ್ಟರೆ ನಿಮಗೆ ಉಳಿಯುವುದು 10 ರೂ. ನೇರವಾಗಿ ಮನೆಗೇ ಕೊಟ್ಟರೆ 30 ರೂ. ಇನ್ನು ಬಾಡಿಗೆ, ಕರೆಂಟು, ಪೆಟ್ರೋಲ್ ಸೇರಿ ತಿಂಗಳಿಗೆ 10,000. ನಿಮ್ಮ ಸಂಬಳ 15,000. ಹೌದು, ನಿಮ್ಮ ಸಂಬಳವನ್ನೂ ಖರ್ಚಿನಲ್ಲಿ ಬರೆಯಿರಿ. ‘ನಂದೇನು, ಮನೆಯವರೇ ಅಲ್ವಾ’ ಎಂದು ಬಿಟ್ಟುಬಿಟ್ಟರೆ ನಷ್ಟದಲ್ಲಿರುವ ವ್ಯಾಪಾರವೂ ಲಾಭದಂತೆ ಕಾಣುತ್ತದೆ. ವಿಶೇಷವಾಗಿ ಹೆಂಗಸರು ಇಲ್ಲಿ ಎಡವುತ್ತಾರೆ. ನನ್ನ ಅತ್ತಿಗೆ ಆರು ತಿಂಗಳು ಪುಕ್ಕಟೆ ದುಡಿದರು, ನನಗೆ ಅದು ಗೊತ್ತೂ ಆಗಲಿಲ್ಲ.

ಒಟ್ಟು 25,000 ಬರಬೇಕು. ಅಂಗಡಿಗಳಿಗೆ ಮಾತ್ರ ಹಾಕಿದರೆ ತಿಂಗಳಿಗೆ 2,500 ಪ್ಯಾಕೆಟ್, ಅಂದರೆ 25,000 ರೊಟ್ಟಿ. ತಿಂಗಳಿಗೆ 26 ದಿನದ ಕೆಲಸದಲ್ಲಿ ದಿನಕ್ಕೆ 960. ಒಬ್ಬರು ಗಂಟೆಗೆ 25 ಬಡಿದರೂ ಐದಾರು ಜನ ಬೇಕು. ನೇರ ಮಾರಾಟವಾದರೆ 834 ಪ್ಯಾಕೆಟ್ ಸಾಕು, ದಿನಕ್ಕೆ 320 ರೊಟ್ಟಿ, ಇಬ್ಬರ ಕೆಲಸ. ಊರು ಅದೇ, ರೊಟ್ಟಿ ಅದೇ, ಆದರೆ ಇವು ಎರಡು ಬೇರೆ ಬೇರೆ ಉದ್ದಿಮೆಗಳು.

ಒಂದು ಮನೆ ವಾರಕ್ಕೊಂದು, ತಿಂಗಳಿಗೆ ನಾಲ್ಕು ಪ್ಯಾಕೆಟ್ ಕೊಂಡರೆ ನಿಮಗೆ ಬೇಕಾದದ್ದು 209 ಮನೆ. 9 ಲಕ್ಷದಿಂದ 209ಕ್ಕೆ ಇಳಿದೆವು. ಈಗ ಹುಡುಕುವುದು ಸುಲಭ. ಯಾವ ಅಪಾರ್ಟ್‌ಮೆಂಟು, ಯಾವ ಬಡಾವಣೆ ಎಂದು ಹೆಸರು ಹಿಡಿದು ಬರೆಯಬಹುದು.

ಒಂದು ಮೆಸ್ ದಿನಕ್ಕೆ 150 ರೊಟ್ಟಿ ಒಪ್ಪಿಕೊಂಡರೆ ಚಿತ್ರ ಇನ್ನೂ ಬದಲಾಗುತ್ತದೆ. ಪ್ಯಾಕಿಂಗ್ ಇಲ್ಲದ ರೊಟ್ಟಿಯ ಖರ್ಚು ಆರೂವರೆ, ಎಂಟೂವರೆಗೆ ಕೊಟ್ಟರೆ 2 ರೂ. ಉಳಿತಾಯ. ತಿಂಗಳಿಗೆ 7,800. ಆಗ 144 ಮನೆ ಸಾಕು. ಆದರೆ ಮೆಸ್ ಒಂದನ್ನೇ ನೆಚ್ಚಿ ಕೂರಬೇಡಿ. ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಖಾಲಿ.

ಹೆಜ್ಜೆ 5: ವರ್ಷದ ಕ್ಯಾಲೆಂಡರ್ ಬರೆಯಿರಿ

ಇದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ರೊಟ್ಟಿಗೆ ಒಳ್ಳೆಯದು ಹಿಂಗಾರಿ ಜೋಳ, ಅದರಲ್ಲೂ ಮಾಲ್ದಂಡಿ ಎಂದು ಕರೆಯುವ ಎಂ 35-1. ಇದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತನೆಯಾಗಿ ಫೆಬ್ರವರಿ-ಮಾರ್ಚ್‌ನಲ್ಲಿ ಕಟಾವಿಗೆ ಬರುವ ಬೆಳೆ. ಮೈಸೂರಿಗೆ ದೂರದಿಂದ ಬರಬೇಕು. ಬಂಡಿಪಾಳ್ಯದ ಎಪಿಎಂಸಿಯಲ್ಲಿ ಒಂದು ದರ ಕೇಳಿ, ಗದಗ ಅಥವಾ ವಿಜಯಪುರದಿಂದ ಲಾರಿ ಬಾಡಿಗೆ ಸೇರಿ ಇನ್ನೊಂದು ದರ ಕೇಳಿ. ಕೆಜಿಗೆ 10 ರೂಪಾಯಿ ಏರಿದರೆ ಪ್ಯಾಕೆಟ್‌ಗೆ ಸುಮಾರು 6 ರೂ. ಖರ್ಚು ಏರುತ್ತದೆ. ಅಂಗಡಿ ವ್ಯಾಪಾರದ ಹತ್ತು ರೂಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು!

ಮಳೆಗಾಲದ ತೇವಕ್ಕೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಎಷ್ಟು ದಿನ ಇಡಬಹುದು, ಎಂಥ ಕವರ್ ಬೇಕು ಎಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಿಲ್ಲ. ಆಹಾರ ಸಂಶೋಧನೆಗೆಂದೇ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಊರಲ್ಲೇ ಇದೆ, ವಿಚಾರಿಸಿ. ಎಳ್ಳಮಾವಾಸ್ಯೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳುವವರಿರುತ್ತಾರೆ. ಆ ವಾರಗಳನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ.

ಹೆಜ್ಜೆ 6: ದುಡ್ಡು ತಗೊಂಡೇ ಪರೀಕ್ಷೆ ಮಾಡಿ

ಮನೆ ಅಡುಗೆಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ. ಅದರ ಫೋಸ್ಕೋಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, 14 ಅಂಕಿಯ ನಂಬರ್ ಬಂದ ಮೇಲೆ ಅದನ್ನು ಲೇಬಲ್ ಮೇಲೆ ಹಾಕಿ. ಸಾವಿರ ಕವರ್ ಪ್ರಿಂಟ್ ಬೇಡ, ಸ್ಟಿಕರ್ ಸಾಕು.

ಐವತ್ತು ಮನೆಗೆ ಒಂದೊಂದು ಪ್ಯಾಕೆಟ್ ಮಾರಿ, ಪೂರ್ತಿ ಬೆಲೆಗೆ. ಪುಕ್ಕಟೆ ಕೊಟ್ಟರೆ ಎಲ್ಲರೂ ಹೊಗಳುತ್ತಾರೆ, ಅದನ್ನು ನಾವು ಅನುಭವಿಸಿ ನೋಡಿದ್ದೇವೆ. ಮೊದಲನೇ ಸಲ ಕೊಂಡವರಲ್ಲಿ ಪರಿಚಯಕ್ಕೆ, ಕುತೂಹಲಕ್ಕೆ ಕೊಂಡವರೂ ಇರುತ್ತಾರೆ. ಅವರನ್ನು ಎಣಿಸಬೇಡಿ. ನೀವು ಫೋನ್ ಮಾಡದೆ, ತಾವಾಗಿಯೇ ‘ರೊಟ್ಟಿ ಅದಾವೇನ್ರಿ?’ ಎಂದು ಎರಡನೇ ಸಲ ಕೇಳಿದವರನ್ನು ಮಾತ್ರ ಎಣಿಸಿ. ಮೂರನೇ ಸಲವೂ ಕೇಳಿದವರ ಹೆಸರಿನ ಕೆಳಗೆ ಗೆರೆ ಎಳೆಯಿರಿ.

ಮೊದಲ ದಿನದಿಂದಲೇ ವ್ಯಾಪಾರದ ಯುಪಿಐ ಖಾತೆ, ಮನೆಯ ಯುಪಿಐ ಖಾತೆ ಬೇರೆ ಇರಲಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಜನ ಯಾವುದು ವ್ಯಾಪಾರದ್ದು, ಯಾವುದು ಕೈಸಾಲದ್ದು ಎಂದು ಬಿಡಿಸಿ ಹೇಳಲಾಗದೆ ಒದ್ದಾಡಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. 834 ಪ್ಯಾಕೆಟ್ ಲೆಕ್ಕದಲ್ಲಿ ನಮ್ಮದು ವರ್ಷಕ್ಕೆ 10 ಲಕ್ಷ.

ಹೆಜ್ಜೆ 7: ಸಾಲ ಕೊನೆಗೆ

ಎಣಿಕೆ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಮಾತೂ ಸಲೀಸು. ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರಕಾರಿ ವೆಬ್‌ಸೈಟ್‌ನಂತೆಯೇ ಕಾಣುವ, ದುಡ್ಡು ಕೇಳುವ ಖಾಸಗಿ ಸೈಟುಗಳಿವೆ, ಹುಷಾರು. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ 35 ಪರ್ಸೆಂಟ್ ಸಹಾಯಧನಕ್ಕೆ ರಾಜ್ಯ ಮೇಲೆ 15 ಪರ್ಸೆಂಟ್ ಸೇರಿಸಿ ಕೊಡುತ್ತಾ ಬಂದಿದೆ. ಈಗಿನ ನಿಯಮ ಏನು ಎಂದು ಜಿಲ್ಲಾ ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿ. ಸಬ್ಸಿಡಿ ಇದೆ ಎಂದು ಮಷೀನ್ ತಂದವರಿಗಿಂತ, ಆರ್ಡರ್ ತಡೆಯಲಾಗದೆ ಮಷೀನ್ ತಂದವರೇ ಉಳಿದುಕೊಂಡದ್ದನ್ನು ನಾನು ನೋಡಿದ್ದೇನೆ. ತರಬೇತಿ ಬೇಕಿದ್ದರೆ ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿರುವ ಆರ್‌ಸೆಟಿಗಳು ಉಚಿತವಾಗಿ ಕಲಿಸುತ್ತವೆ. ಉದ್ದಿಮೆ ತರಬೇತಿಯ ರಾಜ್ಯ ಸಂಸ್ಥೆ, ಧಾರವಾಡದ ಸಿಡಾಕ್ ಕೂಡ ಇದೆ.

ಇದೆಲ್ಲ ನಡೆಯುವಾಗ ಇರುವ ಕೆಲಸ ಬಿಡಬೇಡಿ. ಪರೀಕ್ಷೆ ಶುರು ಮಾಡುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡಿ: ‘ಆರು ವಾರದಲ್ಲಿ 50 ಮನೆಗಳಲ್ಲಿ 25 ಮನೆ ಮತ್ತೆ ಕೇಳದಿದ್ದರೆ ಬಾಡಿಗೆ ಕೋಣೆ ಹಿಡಿಯುವುದಿಲ್ಲ.’ ಆ 25 ಎನ್ನುವುದನ್ನು ಆಮೇಲೆ 15 ಮಾಡಲು ಮನಸ್ಸು ಹಾತೊರೆಯುತ್ತದೆ. ಅದಕ್ಕೇ ಚೀಟಿ ನಿಮ್ಮ ಹತ್ತಿರ ಬೇಡ, ಖಡಾಖಂಡಿತ ಮಾತಾಡುವ ಅಕ್ಕನೋ ಚಿಕ್ಕಪ್ಪನೋ ಇದ್ದರೆ ಅವರ ಕೈಯಲ್ಲಿರಲಿ. ಮೊದಲ 50 ಪ್ಯಾಕೆಟ್‌ಗೆ ಬೇಕಾಗುವುದು ಒಡಕು ಸೇರಿ 30 ಕೆಜಿ ಜೋಳ. ರಜೆಯಲ್ಲಿ ಹಾಸ್ಟೆಲ್ ಖಾಲಿ, ಹಾಗಾಗಿ ಕಾಲೇಜು ತೆರೆದ ಮೇಲೆ ತನ್ನಿ.