ಸರಾಸರಿಯಲ್ಲಿ ಕಾಣದ ಗಲ್ಲಿ

ನಗರದ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರೆಲ್ಲ ಈಗ ದುಡ್ಡು ಕೇಳುವ ಅರ್ಜಿಯಲ್ಲಿ 'ಸಮುದಾಯದ ಸಹಭಾಗಿತ್ವ' ಅಂತ ಒಂದು ಪ್ಯಾರಾ ಸೇರಿಸುತ್ತಾರೆ. ಬಿಡಿಸಿ ನೋಡಿದರೆ ಜನರ ಪಾಲಿಗೆ ಬರುವುದು ಇಷ್ಟೇ: ನಾವು ಕೇಳಿದ್ದಕ್ಕೆ ಅವರು ಉತ್ತರ ಹೇಳಬೇಕು. ಜನರ ಸಹಭಾಗಿತ್ವದ ಬಗ್ಗೆ ಬರೆದ ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲೇ ಎಂಟು ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟು ಇದನ್ನು ವಿವರಿಸಿದ್ದರು. ಜನರಿಗೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ನಡುವಿನ ಮೆಟ್ಟಿಲುಗಳು. ಆರ್ನ್‌ಸ್ಟೀನ್ ಲೆಕ್ಕದಲ್ಲಿ ಅದು ತೋರಿಕೆ. ತೀರ್ಮಾನ ಮಾಡುವ ಅಧಿಕಾರ ಜನರ ಕೈಗೆ ಬರುವುದು ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ.

ನಾನು ದುಡಿದ ಅಧ್ಯಯನ ಕುಡಿಯುವ ನೀರು ಮತ್ತು ಮಕ್ಕಳ ಭೇದಿಯ ಬಗ್ಗೆ. ಮನೆಗೆ ಮನೆ ಅಂಟಿಕೊಂಡ ಬಡಾವಣೆ. ನೀರು ಬಿಡುವುದು ದಿನಕ್ಕೆ ಕೆಲವೇ ಗಂಟೆ. ಪ್ರಶ್ನಾವಳಿ ಬರೆಯುವ ಮುಂಚೆಯೇ ಅಲ್ಲಿನ ಕೆಲವರನ್ನು ತಂಡಕ್ಕೆ ಸೇರಿಸಿಕೊಂಡೆವು. ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟೆವು. ನಮಗೆಲ್ಲ ಸಂಬಳ ಬರುವಾಗ ಅವರದ್ದು ಮಾತ್ರ ಸ್ವಯಂಸೇವೆ ಯಾಕಾಗಬೇಕು? ಇದನ್ನು ಲೆಕ್ಕಪತ್ರ ನೋಡುವವರಿಗೆ ಒಪ್ಪಿಸಿದ್ದು ಬೇರೆಯೇ ಕಥೆ, ಬಿಡಿ.

ತಂಡಕ್ಕೆ ಯಾರು ಬರುತ್ತಾರೆ ಅನ್ನುವುದೇ ಮೊದಲ ತೊಡಕು. ಸಭೆ ಕರೆದರೆ ಮನೆ ಮಾಲೀಕರು ಬರುತ್ತಾರೆ, ಸಂಘದ ಪದಾಧಿಕಾರಿಗಳು ಬರುತ್ತಾರೆ. ಬಾಡಿಗೆಯವರು, ರಾತ್ರಿ ಪಾಳಿಯವರು, ಕೈಕೂಸಿನ ತಾಯಂದಿರು ಬರುವುದಿಲ್ಲ. ಹಾಗಾಗಿ ಸಭೆಯನ್ನೇ ನೆಚ್ಚಿಕೊಳ್ಳದೆ, ನೀರು ಬರುವ ಹೊತ್ತಿಗೆ ನಲ್ಲಿಗಳ ಹತ್ತಿರ ಹೋಗಿ ನಿಂತು ಮಾತಾಡಿಸಿದೆವು. ತಂಡದಲ್ಲಿ ಅರ್ಧದಷ್ಟಾದರೂ ಬಾಡಿಗೆಯವರೇ ಇರಬೇಕು ಅಂತ ನಿಯಮ ಮಾಡಿದೆವು.

ಪ್ರಶ್ನಾವಳಿ ಅವರ ಕೈಗೆ ಹೋದಮೇಲೆ ಪೂರ್ತಿ ಬದಲಾಯಿತು. ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಮಲ ತೆಳ್ಳಗೆ ಅಥವಾ ನೀರಾಗಿ ಹೋದರೆ ಭೇದಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಆದರೆ 'ಮಗುವಿಗೆ ಭೇದಿ ಆಗಿತ್ತಾ?' ಅಂತ ಕೇಳಿದರೆ ಎಷ್ಟೋ ತಾಯಂದಿರು ಇಲ್ಲ ಅನ್ನುತ್ತಾರೆ. ಹಲ್ಲು ಬರುವಾಗ ಆಗುವುದನ್ನು ಅವರು ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಮ್ಮ ತಂಡದ ಹೆಂಗಸರಿಗೆ ಇದು ಗೊತ್ತಿತ್ತು. ಕಾಯಿಲೆಯ ಹೆಸರನ್ನೇ ಬಿಟ್ಟು, ನಿನ್ನೆ ಎಷ್ಟು ಸಲ ಹೋಯಿತು, ಮೊನ್ನೆ ಎಷ್ಟು ಸಲ ಅಂತ ಕೇಳುವ ಹಾಗೆ ತಿದ್ದಿದರು. ಇನ್ನೊಂದು ಮಾತನ್ನೂ ಅವರೇ ಎತ್ತಿದರು. ಪಕ್ಕದ ಮನೆಯವರ ಎದುರು ಯಾರೂ ಮನೆಯ ಕಾಯಿಲೆ ಹೇಳಿಕೊಳ್ಳುವುದಿಲ್ಲ, ಅಲ್ವಾ? ಅದಕ್ಕೆ ಯಾರೂ ತಮ್ಮ ಗಲ್ಲಿಯಲ್ಲಿ ಕೇಳಲು ಹೋಗಬಾರದು, ಬೇರೆ ಗಲ್ಲಿಗೆ ಹೋಗಬೇಕು ಅಂತ ಆಯಿತು.

ರೋಗಾಣು ಸಾಯಲಿ ಅಂತ ನೀರಿಗೆ ಹಾಕುವ ಕ್ಲೋರಿನ್ ನಲ್ಲಿ ತಲುಪುವಾಗ ಎಷ್ಟು ಉಳಿದಿದೆ ಅಂತ ಅಳೆಯುವುದನ್ನು ಎಲ್ಲರೂ ಬೇಗ ಕಲಿತರು. ಕ್ಲೋರಿನ್ ಇದ್ದರೆ, ಪರೀಕ್ಷೆಗೆಂದೇ ಇರುವ ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಬರೆದುಕೊಳ್ಳಬೇಕು. ಮನೆ ತಲುಪಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಇಡೀ ಬಡಾವಣೆಯ ಸರಾಸರಿ ತೆಗೆದೆವು. ಪರವಾಗಿಲ್ಲ ಅನ್ನುವ ಹಾಗೇ ಇತ್ತು. ತಂಡದ ಒಬ್ಬ ಹೆಂಗಸು ಆ ಹಾಳೆ ನೋಡಿ, "ಮೇಲಿನ ಗಲ್ಲಿ, ಕೆಳಗಿನ ಗಲ್ಲಿ ಎರಡನ್ನೂ ಕೂಡಿಸಿಬಿಟ್ರೆ ಏನ್ ಗೊತ್ತಾಗುತ್ತೆ ಮೇಡಂ? ಬೇರೆ ಬೇರೆ ಮಾಡಿ" ಅಂದರು. ಮಾಡಿದೆವು. ಪೈಪಿನ ತುದಿಯ ಗಲ್ಲಿಗಳಲ್ಲಿ ಕ್ಲೋರಿನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮಕ್ಕಳ ಭೇದಿ ಜಾಸ್ತಿ ಇದ್ದದ್ದೂ ಅಲ್ಲೇ. ಸಮಾನತೆಯ ಪ್ರಶ್ನೆ ಅಂತ ನಾವು ಪುಟಗಟ್ಟಲೆ ಬರೆಯುವುದು ಕೊನೆಗೆ ಇದೇ: ಯಾರ ಅಂಕಿಯನ್ನು ಯಾರ ಅಂಕಿಯ ಜೊತೆ ಬೆರೆಸುತ್ತೇವೆ?

ಕಾರಣ ಹುಡುಕುವಾಗ ವಿಷಯ ಬಿಸಿಯಾಯಿತು. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಬಿರುಕಿದ್ದರೆ ಅಕ್ಕಪಕ್ಕದ ಚರಂಡಿ ನೀರು ಒಳಗೆ ನುಗ್ಗುತ್ತದೆ. ಯಾರಾದರೂ ನೇರವಾಗಿ ಪೈಪಿಗೇ ಮೋಟರ್ ಹಾಕಿ ಎಳೆದರೆ ಇನ್ನೂ ಕೆಟ್ಟದು. ತುದಿಯವರಿಗೆ ನೀರು ಕಡಿಮೆಯಾಗುತ್ತದೆ, ಜೊತೆಗೆ ಹೊರಗಿನ ಕೊಳೆಯೂ ಒಳಕ್ಕೆ ಬರುತ್ತದೆ. ಮೋಟರ್ ಯಾರ ಮನೆಯಲ್ಲಿವೆ? ಸಂಘದಲ್ಲಿ ದೊಡ್ಡ ದನಿ ಇದ್ದವರ ಮನೆಗಳಲ್ಲೇ ಜಾಸ್ತಿ.

'ಸಮುದಾಯ' ಅಂದರೆ ಎಲ್ಲರೂ ಒಂದೇ ಮನಸ್ಸಿನವರು ಅಂತ ತಿಳಿದಿರುವವರು ಇಂಥ ಕಡೆ ಎಡವುತ್ತಾರೆ. ನಾವು ಶುರುವಿನಲ್ಲೇ ಒಂದು ಒಪ್ಪಂದ ಬರೆದಿಟ್ಟಿದ್ದೆವು: ಯಾರಿಗೆ ಕಹಿಯಾದರೂ ಫಲಿತಾಂಶವನ್ನು ಮುಚ್ಚಿಡುವಂತಿಲ್ಲ, ಆದರೆ ಯಾವ ಮನೆಯ ಗುರುತೂ ಹೊರಗೆ ಬರಬಾರದು. ಆ ಹಾಳೆ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತುಹೋಗುತ್ತಿತ್ತು. ನಕ್ಷೆಯಲ್ಲೂ ಗಲ್ಲಿ ಮಾತ್ರ ತೋರಿಸಿದೆವು, ಮನೆ ಸಂಖ್ಯೆ ಇಲ್ಲ. ಅನುಮತಿಯಿಲ್ಲದ ನಲ್ಲಿಗಳನ್ನು ಗುರುತಿಸಲೇ ಇಲ್ಲ. ಇಂಥ ನಕ್ಷೆ ತಪ್ಪು ಕೈಗೆ ಸಿಕ್ಕರೆ ಸಂಪರ್ಕ ಕತ್ತರಿಸುವುದಕ್ಕೂ ಬಳಕೆಯಾಗುತ್ತದೆ, ಮನೆ ಖಾಲಿ ಮಾಡಿಸುವುದಕ್ಕೂ ಬಳಕೆಯಾಗುತ್ತದೆ.

1854ರ ಲಂಡನ್ ಕಾಲರಾ ಅಂದರೆ ಎಲ್ಲರಿಗೂ ನೆನಪಾಗುವುದು ಡಾಕ್ಟರ್ ಜಾನ್ ಸ್ನೋ ಮತ್ತು ಬ್ರಾಡ್ ಸ್ಟ್ರೀಟಿನ ಪಂಪು. ಅದೇ ಪ್ಯಾರಿಷ್‌ನ, ಅಂದರೆ ಆ ಚರ್ಚಿನ ವ್ಯಾಪ್ತಿಯ, ಪಾದ್ರಿ ಹೆನ್ರಿ ವೈಟ್‌ಹೆಡ್ ನೆನಪಾಗುವುದು ಕಡಿಮೆ. ಆ ಪಂಪಿನ ನೀರಿನಿಂದಲೇ ಕಾಲರಾ ಹರಡಿದೆ ಅಂತ ಸ್ನೋ ಹೇಳಿದ್ದನ್ನು ವೈಟ್‌ಹೆಡ್ ಮೊದಲು ನಂಬಿರಲಿಲ್ಲ. ಆದರೆ ಅಲ್ಲಿನ ಮನೆಗಳೆಲ್ಲ ಪರಿಚಯ. ಮನೆ ಮನೆ ತಿರುಗಿ ವಿಚಾರಿಸಿದರು. ಪಂಪಿನ ಪಕ್ಕದ ಮನೆಯಲ್ಲಿ ಕಾಯಿಲೆ ಬಿದ್ದ ಹಸುಗೂಸಿನ ಸುದ್ದಿಯನ್ನು ಪತ್ತೆ ಮಾಡಿದ್ದು ಅವರೇ. ಆ ಮನೆಯ ಮಲದ ಗುಂಡಿಯಿಂದ ಕೊಳೆ ಪಂಪಿನ ಬಾವಿಗೆ ಸೋರುತ್ತಿತ್ತು. ಊರು ಬಲ್ಲ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಅಂತ ಹೊಸಬರಿಗೆ ಹೇಳುವಾಗ ನಾನು ಸ್ನೋ ಕಥೆಯನ್ನು ವೈಟ್‌ಹೆಡ್ ಕಡೆಯಿಂದಲೇ ಶುರು ಮಾಡುತ್ತೇನೆ.

ಫಲಿತಾಂಶವನ್ನು ಮೊದಲು ಬಡಾವಣೆಯವರಿಗೆ ತೋರಿಸಿದೆವು, ನೀರು ಸರಬರಾಜಿನವರಿಗೆ ಆಮೇಲೆ. ಅಧಿಕಾರಿಗಳ ಎದುರು ಮಾತಾಡಿದ್ದು ತುದಿಯ ಗಲ್ಲಿಯವರು. ನಾವು ಹಿಂದೆ ಕೂತಿದ್ದೆವು, ಕ್ಲೋರಿನ್ ಬಗ್ಗೆ ಕೇಳಿದಾಗ ಮಾತ್ರ ಬಾಯಿ ತೆರೆದೆವು. ವಾಲ್ವ್ ತೆರೆಯುವ ಸರದಿ ಬದಲಾಯಿತು. ತುದಿಯ ಗಲ್ಲಿಗಳಿಗೆ ಈಗ ಬೇರೆ ಹೊತ್ತಿನಲ್ಲಿ ನೀರು. ಹಳೆಯ ಪೈಪು ಅಲ್ಲೇ ಇದೆ. ಮೋಟರ್‌ಗಳಲ್ಲಿ ಕೆಲವು ಹೋದವು. ಕೆಲವು ಸ್ವಲ್ಪ ದಿನ ಮಾಯವಾಗಿ ಮತ್ತೆ ಬಂದವು.

ಅಂಕಿಗಳ ಒಂದು ಪ್ರತಿ ಬಡಾವಣೆಯ ತಂಡದ ಹತ್ತಿರ ಇದೆ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವುದು ಅವರೇ. ಒಂದು ಸಲ ನಮ್ಮ ಕಡೆಯ ಸಂಶೋಧಕರೊಬ್ಬರು ಕೇಳಿದಾಗ, ಯಾಕೆ ಬೇಕು ಅಂತ ವಿಚಾರಿಸಿ ತಂಡದವರು ಕೊಡಲ್ಲ ಅಂದರು. ನನಗೆ ಖುಷಿಯಾಯಿತು, ಕೇಳಿದ ಸಂಶೋಧಕರಿಗೆ ಆಗಲಿಲ್ಲ. ತಂಡ ಇವತ್ತಿಗೂ ಕ್ಲೋರಿನ್ ನೋಡುತ್ತದೆ. ಆದರೆ ಅಧ್ಯಯನದ ದುಡ್ಡು ಮುಗಿದ ಮೇಲೆ ಮಾತ್ರೆ ಯಾರು ಕೊಡಿಸಬೇಕು ಅನ್ನುವ ಜಗ್ಗಾಟ ನಡೆಯುತ್ತಲೇ ಇದೆ. ಈಗ ನಾನು ಬರೆಯುವ ಅರ್ಜಿಗಳಲ್ಲಿ, ಅಧ್ಯಯನ ಮುಗಿದ ನಂತರದ ಎರಡು ವರ್ಷದ ಮಾತ್ರೆಗೆ ಪ್ರತ್ಯೇಕ ಸಾಲು ಹಾಕುತ್ತೇನೆ. ದುಡ್ಡು ಕೊಡುವವರು ಮೊದಲು ಹೊಡೆದುಹಾಕುವುದು ಅದೇ ಸಾಲನ್ನು. ನಾನು ಮತ್ತೆ ಸೇರಿಸಿ ಕಳಿಸುತ್ತೇನೆ.